ಇರುವೆಗೆ ಚಾಚಿದ ಕೈ

ಮಾಧಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಆ ವರ್ಷಗಳಲ್ಲಿ ಸೂಗಪ್ಪನನ್ನು ಯಾರೂ ಬರೀ ಸೂಗಪ್ಪ ಎಂದು ಕರೆಯುತ್ತಿರಲಿಲ್ಲ. ತೆಲುಗಿನವರಿಗೆ ಅವನು ಚೀಮಲ ಸೂಗಪ್ಪ, ಅಂದರೆ ಇರುವೆ ಸೂಗಪ್ಪ. ಹಿಂದಿಯವರಿಗೆ ಚೀಂಟಿವಾಲಾ. ಲಿಂಗಸುಗೂರಿನ ಕಡೆಯಿಂದ ಬಂದು, ನಾಚಾರಂನ ಕಾರ್ಖಾನೆಯೊಂದರಲ್ಲಿ ಡ್ರಮ್ಮು ತೊಳೆದು, ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಜಿರಲೆ, ಗೆದ್ದಲು, ಇರುವೆ ಕೊಲ್ಲುತ್ತ ಹೊಟ್ಟೆ ಹೊರೆದ ಮನುಷ್ಯ ಅವನು. ಆ ಹೆಸರು ಅವನಿಗೆ ಔಷಧಿಯಿಂದ ಬಂದದ್ದಲ್ಲ, ಬಲಗೈಯಿಂದ ಬಂದದ್ದು.

ಔಷಧಿ ಹೊಡೆಯುವವರು ಹೈದರಾಬಾದಿನಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ದೊಡ್ಡ ಕಂಪನಿಯ ಮ್ಯಾನೇಜರ್ ಎದುರು ನಿಂತು ನನಗೇ ಕೆಲಸ ಕೊಡಿ ಅನ್ನಲಿಕ್ಕೆ ಏನಾದರೊಂದು ಬೇಕಲ್ಲ! ಇಂಗ್ಲಿಷು ಬಾರದು, ಅಂಗಿಗೆ ಇಸ್ತ್ರಿ ನಿಲ್ಲದು. ಸೂಗಪ್ಪ ಮಾಡುತ್ತಿದ್ದದ್ದು ಇಷ್ಟೇ. ಹುಲ್ಲುಹಾಸಿನ ಅಂಚಿನಲ್ಲಿ ಕೆಂಪಿರುವೆಯ ಗೂಡು ಹುಡುಕಿ, ತೋಳು ಮೇಲೇರಿಸಿ, ಅಂಗೈಯನ್ನು ಗೂಡಿನ ಬಾಯಿಗೇ ಇಟ್ಟುಬಿಡುತ್ತಿದ್ದ. ಇರುವೆಗಳು ಮುತ್ತಿಕೊಂಡು ಕುಟುಕುತ್ತಿದ್ದವು. ಮ್ಯಾನೇಜರ್ ಹೌಹಾರಿ ಹಿಂದೆ ಸರಿದರೆ ಇವನು ಎಲೆ ಅಡಿಕೆ ಜಗಿಯುತ್ತ, "ಕುಛ್ ನೈ ಸಾಬ್, ಅಪ್ನೇ ಬಚ್ಚೇ ಹೈ," ಅಂದರೆ ಏನಿಲ್ಲ ಸಾಹೇಬರೇ, ನಮ್ಮ ಮಕ್ಕಳೇ ಇವು, ಎಂದು ನಗುತ್ತಿದ್ದ. ಆಮೇಲೆ ಕೈ ಕೊಡವಿ ಪಂಪು ಎತ್ತಿಕೊಳ್ಳುತ್ತಿದ್ದ. ಕೆಲಸ ಅವನಿಗೇ ಸಿಗುತ್ತಿತ್ತು.

ಅದು ಬರೀ ನಾಟಕವೂ ಅಲ್ಲ. ಹುಡುಗನಾಗಿದ್ದಾಗ ಶೇಂಗಾ ಹೊಲದಲ್ಲಿ ಬರಿಗಾಲಲ್ಲಿ ಅಡ್ಡಾಡಿ ಕೆಂಪಿರುವೆಯ ಕೈಯಲ್ಲಿ ಅವನು ಅದೆಷ್ಟು ಸಲ ಕುಟುಕಿಸಿಕೊಂಡಿದ್ದನೋ. ಒಂದಿಷ್ಟು ಉರಿ, ಮರುದಿನ ಒಂದಿಷ್ಟು ಬೊಕ್ಕೆ, ಅಷ್ಟೇ. ಮೈಗೆ ಒಗ್ಗಿಹೋಗಿದೆ ಎಂದು ಅವನು ನಂಬಿದ್ದ. ಇರುವೆಯ ವಿಷ ನನ್ನನ್ನು ಏನೂ ಮಾಡಲಾರದು ಎಂಬ ಹೆಮ್ಮೆ ಅವನಿಗೆ ತಲೆಯಿಂದ ಕಾಲಿನವರೆಗೂ ಇತ್ತು. ಬೇರೆ ಹೆಮ್ಮೆ ಪಡಲಿಕ್ಕೆ ಪಾಪ, ಅವನ ಹತ್ತಿರ ಏನಿತ್ತು?

ಹೆಂಡತಿ ಗದಿಗೆಮ್ಮನ ದಾರಿಯೇ ಬೇರೆ. ನಾಚಾರಂನ ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ನುಗ್ಗೆ ಮರ. ಪ್ರತಿ ಅಮಾವಾಸ್ಯೆ ಅವಳು ತಲೆಗೆ ನೀರು ಹಾಕಿಕೊಂಡು, ರವೆಗೆ ಸಕ್ಕರೆ ಕಲಸಿ, ಆ ಮರದ ಬುಡದಲ್ಲಿ ಇರುವೆಗೆ ಹಾಕುತ್ತಿದ್ದಳು. ಸಣ್ಣ ಕರಿ ಇರುವೆಗಳು ಸಾಲುಗಟ್ಟಿ ಬಂದು ಕಾಳು ಕಾಳು ಹೊತ್ತುಕೊಂಡು ಹೋಗುವುದನ್ನು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಕೂಸು ನಿಂತಿರಲಿಲ್ಲ. ಗಂಡ ಕೊಂದ ಜೀವಗಳ ಶಾಪವೇ ಅದು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

"ನೀವು ತಿಂಗಳಿಡೀ ಕೊಲ್ಲತೀರಿ. ನಾ ಒಂದಿನಾನರ ಉಣಸಬ್ಯಾಡೇನು?" ಎನ್ನುತ್ತಿದ್ದಳು.

"ಉಣಸು, ಉಣಸು. ನೀ ಉಣಿಸಿ ಬೆಳಸಿದ್ರ ನನ್ನ ದಂಧೆಗೂ ಚಲೋನ," ಎಂದು ಸೂಗಪ್ಪ ಚೇಷ್ಟೆ ಮಾಡುತ್ತಿದ್ದ. ಅವಳು ನಗುತ್ತಿರಲಿಲ್ಲ. ಆದರೂ ಅಮಾವಾಸ್ಯೆಯ ಹಿಂದಿನ ದಿನ ಮರೆಯದೆ ಅಂಗಡಿಯಿಂದ ರವೆ ತಂದಿಡುತ್ತಿದ್ದವನು ಅವನೇ.

ಮಕ್ಕಳಿಲ್ಲದ ಮನೆಗೆ ಮಗನ ಹಾಗೆ ಬಂದವನು ಗದಿಗೆಮ್ಮನ ತಮ್ಮ ಚೇತನಕುಮಾರ. ಅವನನ್ನು ಊರಿನಿಂದ ಕರೆತಂದು, ದಿಲ್‌ಸುಖ್‌ನಗರದ ಕಂಪ್ಯೂಟರ್ ಕೋಚಿಂಗಿಗೆ ಕಳಿಸಿ, ಅಲ್ಲಿ ಅವನು ಏನೂ ಕಲಿಯದೆ ಸಿನಿಮಾ ನೋಡಿಕೊಂಡು ಬಂದಾಗ ಬೈಯದೆ ತನ್ನ ಜೊತೆಗೇ ಕೆಲಸಕ್ಕೆ ಹಚ್ಚಿಕೊಂಡವನು ಸೂಗಪ್ಪ. ಹುಡುಗನಿಗೆ ಮಾತು ಗೊತ್ತಿತ್ತು. ಫೋನು ಎತ್ತುವುದು, ಇಂಗ್ಲಿಷಿನಲ್ಲಿ "ಯೆಸ್ ಸರ್, ಶೂರ್ ಸರ್" ಅನ್ನುವುದು ಅವನ ಕೆಲಸ. ಅಕ್ಕನ ಗಂಡನನ್ನು ಅವನು ಮಾವ ಅನ್ನುತ್ತಿದ್ದ; ಕೈ ಚಾಚುವುದು ಆ ಮಾವನ ಕೆಲಸ.

ಆಗ ಬಂತು ಮಾಧಾಪುರದಲ್ಲಿ ಒಂದು ಹೊಸ ಸಾಫ್ಟ್‌ವೇರ್ ಕ್ಯಾಂಪಸ್ಸು. ನಿಜಾಮರ ಕಾಲಕ್ಕಿಂತ ಹಳೆಯ ಬಂಡೆಗಳನ್ನು ಸಿಡಿಮದ್ದು ಇಟ್ಟು ಒಡೆದು, ಪುಡಿಯ ಮೇಲೆ ಹುಲ್ಲು ಹಾಸಿದ್ದರು. ಗಿಡ ನೆಟ್ಟು ನೆರಳಿಗೆ ಕಾಯುವ ತಾಳ್ಮೆ ಆ ಕಾಲದಲ್ಲಿ ಯಾರಿಗಿತ್ತು? ಎಲ್ಲಿಂದಲೋ ಬೆಳೆದ ಮರಗಳನ್ನೇ ಬೇರುಸಮೇತ ಲಾರಿಯಲ್ಲಿ ತಂದು ನಿಲ್ಲಿಸಿದರು. ಮರಗಳ ಒಣ ಟೊಂಗೆಗಳೊಳಗೆ ಕೂತು ಬಂದವರನ್ನು ಯಾರೂ ಕೇಳಲಿಲ್ಲ. ಕೆಲವು ವಾರಕ್ಕೆ, ಮರದ ಕೆಳಗೆ ಚಹಾ ಕುಡಿಯುತ್ತಿದ್ದ ಒಬ್ಬ ಹುಡುಗಿಗೆ ಕುತ್ತಿಗೆಯ ಮೇಲೆ ಏನೋ ಕುಟುಕಿ ಅವಳು ಕಿರುಚಿಕೊಂಡಳು. ಕ್ಯಾಂಪಸ್ಸಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ರವಿಶಂಕರ್ ಚೀಮಲ ಸೂಗಪ್ಪನಿಗೆ ಹೇಳಿಕಳಿಸಿದರು.

ಸೂಗಪ್ಪ ಅಂಥ ಇರುವೆಯನ್ನು ಅದುವರೆಗೆ ನೋಡಿರಲಿಲ್ಲ. ಉದ್ದನೆಯ ಸಪೂರ ಮೈ, ಕರಿ ತಲೆ, ಕೆಂಪು ನಡು, ಕರಿ ಬಾಲ. ಸಾಲು ಕಟ್ಟದೆ ಕಾಂಡದ ಮೇಲೆ ಒಂಟೊಂಟಿಯಾಗಿ ಸರಸರ ಓಡುತ್ತಿತ್ತು. ಅವನು ರೂಢಿಯಂತೆ ಕೈ ಚಾಚಿದ. ಒಂದೇ ಒಂದು ಕುಟುಕಿತು. ಸೂಗಪ್ಪನ ಕಣ್ಣಲ್ಲಿ ನೀರು ಬಂತು. ಮೊಳೆ ಹೊಡೆದಂಥ ನೋವು. ಆದರೂ ರವಿಶಂಕರ್ ಎದುರು ನಕ್ಕ. ಅವತ್ತೇ ಅದಕ್ಕೆ ಸೂಜಿ ಇರವಿ ಎಂದು ಹೆಸರಿಟ್ಟ.

ಎರಡನೆಯ ಸಲ ಕೈ ಮೊಣಕೈವರೆಗೆ ಬಾತುಕೊಂಡಿತು. ಸುಣ್ಣ ಹಚ್ಚಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಮರೆಮಾಡಿದ. ಮತ್ತೊಂದು ಸಲ ಮೈತುಂಬ ದದ್ದು ಎದ್ದು, ನಾಲಿಗೆ ದಪ್ಪಗಾಗಿ, ಮಾತು ತೊದಲಿತು. ಗದಿಗೆಮ್ಮ ಗಾಬರಿಯಾಗಿ ಅತ್ತಳು.

"ಏ, ಸುಮ್ನಿರು. ವಿಷ ಮೈಯಾಗಿಂದ ಹೊರಗ ಬರಾಕತ್ತೈತಿ. ಇನ್ನೊಂದೆರಡು ಸಲ ಕಡದ್ರ ಇದೂ ಒಗ್ಗತೈತಿ," ಎಂದ ಸೂಗಪ್ಪ. ಒಂದು ಇರುವೆ ಒಗ್ಗಿದ್ದರೆ ಎಲ್ಲ ಇರುವೆ ಒಗ್ಗಿದ ಹಾಗೆ ಎಂಬುದು ಅವನ ಲೆಕ್ಕ. ಆ ಲೆಕ್ಕವೇ ಅವನ ಮನೆ ಹಾಳುಮಾಡಿತು.

ರವಿಶಂಕರ್ ಅವರ ಹೆಂಡತಿ ನಳಿನಿ ಮೈಸೂರಿನವರು, ಇರುವೆಯ ವಿಷದ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ಒಂದು ದಿನ ಗಾಜಿನ ಶೀಸೆಗಳನ್ನು ಹಿಡಿದುಕೊಂಡು ಆ ಮರಗಳ ಹತ್ತಿರ ಬಂದರು. ಸೂಗಪ್ಪನ ಕೈಯ ಗುರುತುಗಳನ್ನು ನೋಡಿ, ಒಂದೊಂದಾಗಿ ಕೇಳಿ, ಅವರ ಮುಖ ಬಿಳಿಚಿಕೊಂಡಿತು. ಚೇತನಕುಮಾರ ಪಕ್ಕದಲ್ಲೇ ನಿಂತಿದ್ದ.

"ಎಲ್ಲಾ ಇರುವೆ ವಿಷನೂ ಒಂದೇ ಅಂದ್ಕೊಂಡಿದೀರಾ ಸೂಗಪ್ಪನವರೇ?"

"ಇರವಿ ಅಂದ್ರ ಇರವೀನ ಅಲ್ಲೇನ್ರಿ ಮೇಡಮ್ಮಾರ? ಬಣ್ಣ ಬ್ಯಾರೆ ಇದ್ದೀತು."

"ಅಲ್ಲ. ನೆಲದ ಕೆಂಪಿರುವೆ ಮಣ್ಣಲ್ಲಿ ಸಾವಿರಗಟ್ಟಲೆ ಒಟ್ಟಿಗಿರತ್ತೆ. ಪಕ್ಕದ ಗೂಡಿನ ಇರುವೆನ ಓಡಿಸಬೇಕು, ಗೂಡಿಗೆ ಬೂಷ್ಟು ಹಿಡೀದ ಹಾಗೆ ಕಾಯಬೇಕು. ಅದರ ವಿಷ ಎಣ್ಣೆ ಥರದ್ದು. ಉರಿಯತ್ತೆ, ಬೊಕ್ಕೆ ಏಳತ್ತೆ, ಹೆಚ್ಚಿನವರಿಗೆ ಅಲ್ಲಿಗೆ ಮುಗೀತು. ಈ ಮರದ್ದು ಹಾಗಲ್ಲ. ಒಂಟಿಯಾಗಿ ಬೇಟೆ ಆಡತ್ತೆ. ತನಗಿಂತ ದಪ್ಪ ಹುಳ ಒಂದೇ ಏಟಿಗೆ ಬೀಳಬೇಕು. ಗೂಡಿಗೆ ಮೂತಿ ಹಾಕೋ ಅಳಿಲು, ಹಕ್ಕಿ ನೋವಿಗೆ ಹೆದರಿ ಓಡಬೇಕು. ಹಾಗಾಗಿ ಅದರ ವಿಷವೇ ಬೇರೆ, ಪ್ರೋಟೀನ್ ಜಾಸ್ತಿ ಇರೋದು."

"ಅದನ್ನ ಅವಕ್ಕ ಯಾರ್ ಕಲಸಿದ್ರಿ?" ಎಂದು ಸೂಗಪ್ಪ ನಕ್ಕ.

"ಯಾರೂ ಕಲಿಸಿಲ್ಲ. ಯಾವ ಗೂಡಿನ ವಿಷ ಆ ಜಾಗಕ್ಕೆ ಕೆಲಸಕ್ಕೆ ಬಂತೋ ಆ ಗೂಡು ಉಳೀತು, ಅದರ ಸಂತಾನ ಬೆಳೀತು. ಉಳಿದವು ಅಳಿದುಹೋದವು. ಲಕ್ಷಾಂತರ ವರ್ಷ ಹೀಗೇ ನಡೆದು ಒಂದೊಂದರ ವಿಷ ಒಂದೊಂದು ದಾರಿ ಹಿಡಿದಿದೆ. ಕೆಲವಕ್ಕೆ ಕೊಂಡಿನೇ ಇಲ್ಲದೆ ಹೋಗಿದೆ, ಬರೀ ಕಚ್ಚಿ ಆಸಿಡ್ ಚಿಮ್ಮತ್ತೆ. ಒಂದೇ ಜಾತಿ ಇರುವೆಲೂ ಈ ಮರದ್ದು ಒಂಚೂರು ಹೀಗೆ, ಇನ್ನೊಂದೂರಿಂದು ಒಂಚೂರು ಹಾಗೆ ಇರಬಹುದು. ನಾನು ನೋಡ್ತಿರೋದು ಅದನ್ನೇ." ಅವರು ದನಿ ತಗ್ಗಿಸಿದರು. "ಕೆಂಪಿರುವೆಗೆ ಒಗ್ಗಿದ ಮೈ ಇದಕ್ಕೆ ಒಗ್ಗಿರಲ್ಲ. ನಿಮ್ಮ ಮೈ ಇದನ್ನ ಮರೀತಾ ಇಲ್ಲ, ಹಗೆ ಇಟ್ಕೊಳ್ತಾ ಇದೆ. ಒಂದೊಂದು ಸಲಕ್ಕೂ ಜಾಸ್ತಿ ಆಗಿದೆ ನೋಡಿ. ಮುಂದಿನ ಸಲ ಉಸಿರು ಕಟ್ಟಬಹುದು. ದಯವಿಟ್ಟು ಇನ್ನು ಕೈ ಒಡ್ಡಬೇಡಿ."

ಸೂಗಪ್ಪನ ನಗು ಅಲ್ಲಿಗೇ ನಿಂತಿತು. ದದ್ದು ಎದ್ದ ದಿನ ಗಂಟಲು ಬಿಗಿದದ್ದು ಅವನಿಗೆ ನೆನಪಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಆದರೆ ಆ ವಾರವೇ ಇಡೀ ಕ್ಯಾಂಪಸ್ಸಿನ ವರ್ಷದ ಕಾಂಟ್ರಾಕ್ಟು ಯಾರಿಗೆ ಎಂದು ನಿರ್ಧಾರವಾಗಬೇಕಿತ್ತು. ಬೇರೆ ಬೇರೆ ಕಟ್ಟಡಗಳ ಮ್ಯಾನೇಜರುಗಳೆಲ್ಲ ಮರದ ಕೆಳಗೆ ಸೇರುವವರಿದ್ದರು. ಅದು ಸಿಕ್ಕರೆ ಸೂಗಪ್ಪ ಬೆನ್ನಿನ ಪಂಪು ಇಳಿಸಿ ಆಳುಗಳನ್ನಿಟ್ಟುಕೊಂಡು ಧಣಿಯಾಗಿ ನಡೆಯಬಹುದಿತ್ತು. ಸಿಗದಿದ್ದರೆ ಮತ್ತೆ ಹಳೆಯ ಗಲ್ಲಿಗಳು, ಹೋಟೆಲಿನ ಜಿರಲೆಗಳು. ಬಸ್ಸಿನಲ್ಲಿ ಮನೆಗೆ ಬರುವಾಗ ಅವನು ಭಾಮೈದನ ಮುಂದೆ ಬಾಯಿಬಿಟ್ಟ.

"ಚೇತನ್ಯಾ, ಈ ಸಲ ಕೈ ಬ್ಯಾಡೇನೋ? ಆ ಮೇಡಮ್ಮು ಹೇಳಿದ್ದು ಕೇಳಿ ಎದಿ ಝಲ್ ಅಂದೈತಿ."

"ಮಾವ, ಅವರು ಓದಿದೋರು, ಎಲ್ಲಾದಕ್ಕೂ ಅಂಜತಾರ," ಎಂದ ಚೇತನಕುಮಾರ. "ನಾಳಿ ಅಷ್ಟ್ ಮಂದಿ ಬರೋದು ಏನ್ ನೋಡಾಕ? ನಿಮ್ಮ ಕೈ ನೋಡಾಕ. ಕೈ ಇಲ್ಲಂದ್ರ ನೀವ್ಯಾರು, ಬಾಜೂ ಗಲ್ಲಿ ಔಷಧಿಯಂವ ಯಾರು? ಒಂದ ಒಂದ್ ಸಲ, ಆಮ್ಯಾಲೆ ಜಲ್ಮದಾಗ ಬ್ಯಾಡ."

ಆ ಮಾತು ತಾಗಬೇಕಾದ ಕಡೆಯೇ ತಾಗಿತು. ಮರುದಿನ ಟೈ ಕಟ್ಟಿದವರ ನಡುವೆ ನಿಂತು ಸೂಗಪ್ಪ ಬಲಗೈ ಚಾಚಿದ. ಇರುವೆ ಮುಂಗೈ ಏರಿ ಕುಟುಕಿತು. "ಕುಛ್ ನೈ ಸಾಬ್," ಎಂದ. ಮುಂದಿನ ಮಾತು ಬರಲಿಲ್ಲ. ಅಂಗಾಲಿನಿಂದ ತುರಿಕೆ ಎದ್ದಿತು, ತುಟಿ ಊದಿತು, ಎದೆಯೊಳಗೆ ಗಾಳಿ ಹೋಗಲೊಲ್ಲದು. ಕಣ್ಣೆದುರಿನ ಗಾಜಿನ ಕಟ್ಟಡ ಕಪ್ಪಾಗಿ, ಅವನು ಹುಲ್ಲಿನ ಮೇಲೆ ಕುಸಿದ. ಹತ್ತಿರದ ಆಸ್ಪತ್ರೆಗೆ ಹೊತ್ತೊಯ್ದು ಸೂಜಿ ಚುಚ್ಚಿದ್ದರಿಂದ ಜೀವ ಉಳಿಯಿತು. ಬೇರೆ ಯಾವ ಪುಣ್ಯವೂ ಇರಲಿಲ್ಲ.

ಹಾಸಿಗೆಯ ಮೇಲೆ ಕಣ್ಣು ತೆರೆಯಲಾರದೆ ಬಿದ್ದುಕೊಂಡಿದ್ದಾಗ ಅವನ ಕಿವಿಗೆ ಮೊದಲು ಬಿದ್ದದ್ದು ಭಾಮೈದನ ದನಿ. ಚೇತನಕುಮಾರ ರವಿಶಂಕರ್‌ಗೆ ಹೇಳುತ್ತಿದ್ದ: "ನಾ ಭಾಳ ಹೇಳಿದೆ ಸರ್, ಬ್ಯಾಡ ಮಾವ, ಕೈ ಇಡಬ್ಯಾಡ್ರಿ ಅಂತ. ವಯಸ್ಸಾದೋರು, ಹಟ. ಇನ್ಮುಂದ ಎಲ್ಲಾ ನಾನ ನೋಡ್ಕೋತೀನಿ ಸರ್. ಶೂರ್ ಸರ್."

ಸೂಗಪ್ಪನಿಗೆ ಬಾಯಿ ತೆರೆಯಲಾಗಲಿಲ್ಲ. ಗಂಟಲಲ್ಲಿ ಇನ್ನೂ ಬಾವು ಇತ್ತು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಗದಿಗೆಮ್ಮ ನೋವಿಗೆ ಅಂದುಕೊಂಡು ಸೆರಗಿನಿಂದ ಒರೆಸಿದಳು.

ಇನ್ನೊಮ್ಮೆ ಆ ಇರುವೆ ಕುಟುಕಿದರೆ ಆಸ್ಪತ್ರೆ ಮುಟ್ಟುವ ತನಕ ಜೀವ ಇರುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಕ್ಯಾಂಪಸ್ಸಿನವರು ಅವನನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದರು. ಅವರ ಜಾಗದಲ್ಲಿ ಸತ್ತರೆ ಯಾರಿಗೆ ಬೇಕು ಆ ತಲೆನೋವು! ಕಾಂಟ್ರಾಕ್ಟು ಮಾತ್ರ ಸಿಕ್ಕಿತು, ಚೇತನಕುಮಾರನ ಹೆಸರಿಗೆ. ಅವನು ಮೆಹದಿಪಟ್ಟಣಂನಲ್ಲಿ ಬೇರೆ ಮನೆ ಮಾಡಿದ. ಅವನೂ ಮ್ಯಾನೇಜರುಗಳ ಎದುರು ಕೈ ಚಾಚುತ್ತಾನಂತೆ ಎಂದು ಹಳೆಯ ಆಳೊಬ್ಬ ಬಂದು ಹೇಳಿದ. ಚಾಚುವುದು ಕೊಂಡಿಯೇ ಇಲ್ಲದ ಕರಿ ಗೊದ್ದಕ್ಕೆ. ನೋಡುವವರಿಗೆ ಇರುವೆ ಅಂದರೆ ಇರುವೆ. ನಳಿನಿಯವರ ಪಾಠವನ್ನು ಅಷ್ಟು ಜನರಲ್ಲಿ ಸರಿಯಾಗಿ ಕಲಿತವನು ಆ ಖದೀಮ ಒಬ್ಬನೇ.

ಸೂಗಪ್ಪ ಮನೆ ಹಿಡಿದ. ಇಡೀ ಹೈದರಾಬಾದಿನ ಇರುವೆ ಕೊಂದವನು ಒಂದು ಇರುವೆಗೆ ಹೆದರಿ ಕಿಟಕಿಯ ಹಿಂದೆ ಕೂತ. ಒಂದು ಬೆಳಿಗ್ಗೆ ಆ ಕಿಟಕಿಯಿಂದಲೇ ಕಂಡ: ಹಿತ್ತಲ ನುಗ್ಗೆ ಮರದ ಒಣ ಟೊಂಗೆಯಲ್ಲಿ ಒಂದು ತೂತು. ತೂತಿನಿಂದ ಹೊರಬಂದು ಒಂಟಿಯಾಗಿ ಸರಸರ ಓಡುತ್ತಿದ್ದದ್ದು ಕರಿ ತಲೆ, ಕೆಂಪು ನಡು, ಕರಿ ಬಾಲ.

ಟೊಂಗೆ ಕಡಿದರೆ ಇರುವೆಗಳು ಚೆದುರಿ ಮನೆ ಹೊಗುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಇರುವಲ್ಲಿಯೇ ಕೊಲ್ಲಬೇಕು. ಮೋರೆ ಇಳಿಸಿಕೊಂಡು ಭಾಮೈದನಿಗೆ ಫೋನು ಹಚ್ಚಿದ.

"ಹುಡುಗರೆಲ್ಲ ಕ್ಯಾಂಪಸ್ನಾಗ ಬಿಜಿ ಅದಾರ ಮಾವ. ಕಳಸ್ತೀನಿ," ಎಂದ ಚೇತನಕುಮಾರ. ಆಮೇಲೆ ನಕ್ಕ. "ಏನ್ ಮಾವ, ಅಪ್ನೇ ಬಚ್ಚೇ ಅಂತಿದ್ರಿ, ಈಗ ಅಂಜಾಕತ್ತೀರಿ?"

ಯಾರೂ ಬರಲಿಲ್ಲ. ಬೇರೆ ಔಷಧಿಯವನನ್ನು ಕರೆಯಲು ಸೂಗಪ್ಪನ ಮನಸ್ಸು ಒಪ್ಪಲಿಲ್ಲ. ಚೀಮಲ ಸೂಗಪ್ಪನ ಮನೆಗೆ ಇರುವೆ ಕೊಲ್ಲಲು ಇನ್ನೊಬ್ಬ ಬಂದನಂತೆ ಎಂದು ನಾಚಾರಂ ತುಂಬ ಸುದ್ದಿಯಾಗುವುದು ಅವನಿಗೆ ಸಾವಿಗಿಂತ ಕಷ್ಟ. ಇನ್ನೊಂದು ದಿನ ನೋಡೋಣ, ಇನ್ನೊಂದು ದಿನ ನೋಡೋಣ ಎನ್ನುತ್ತ ಹೋದ. ಆ ನಡುವೆ ಗದಿಗೆಮ್ಮ ಹಗ್ಗದ ಮೇಲೆ ಒಣಗಿದ ಅವನ ಟವೆಲು ಒಳಗೆ ತಂದು ಕೊಡವಿದಾಗ, ಅದರ ಮಡಿಕೆಯಿಂದ ಒಂದು ಸೂಜಿ ಇರುವೆ ಅವನ ಪಾದದ ಹತ್ತಿರ ಬಿತ್ತು. ಅವಳು ಚಪ್ಪಲಿಯಿಂದ ಹೊಸಕಿಹಾಕಿದಳು. ಮದುವೆಯಾಗಿ ಬಂದ ಮೇಲೆ ತಿಳಿದು ತಿಳಿದು ಅವಳು ಕೊಂದ ಮೊದಲ ಜೀವ ಅದು.

ಆಮೇಲೆ ಅವಳು ಅಟ್ಟದಿಂದ ಪಂಪು ಇಳಿಸಿದಳು.

"ಏ, ಏನ್ ಮಾಡಾಕತ್ತಿ? ಇಡು ಅದನ್ನ. ಅವನಿಗೆ ಮತ್ತ ಫೋನ್ ಮಾಡ್ತೀನಿ."

"ನನ್ನ ತಮ್ಮಗ ಇನ್ನೊಮ್ಮಿ ಕೇಳಿದ್ರ ನನ್ನ ಆಣಿ ಐತಿ. ಎಷ್ಟ್ ಔಷಧಿ, ಎಷ್ಟ್ ನೀರು, ಅಷ್ಟ ಹೇಳ್ರಿ."

ಹೇಳಿದ. ಹೇಳದೆ ಏನು ಮಾಡುತ್ತಾನೆ? ಅವನು ಕಿಟಕಿ ಮುಚ್ಚಿ ಗಾಜಿಗೆ ಮುಖ ಹಚ್ಚಿ ನಿಂತ. ಅವಳು ಸೀರೆ ಎತ್ತಿ ಸಿಕ್ಕಿಸಿ, ಮೂಗಿಗೆ ಸೆರಗು ಬಿಗಿದು, ಅವನ ಪಂಪನ್ನು ಬೆನ್ನಿಗೇರಿಸಿಕೊಂಡು ಮರದ ಕೆಳಗೆ ನಿಂತಳು. ಪಟ್ಟಿ ಅವಳ ಹೆಗಲಿಗೆ ದೊಡ್ಡದಾಗಿ ಜಾರುತ್ತಿತ್ತು.

"ಮ್ಯಾಲೆ! ಒಣ ಟೊಂಗಿಗೆ! ಬುಡಕ್ಕ ಬ್ಯಾಡ!" ಎಂದು ಒಳಗಿನಿಂದ ಕೂಗಿದ. ಗಾಜಿನಾಚೆ ಅವಳಿಗೆ ಕೇಳಿಸಿತೋ ಇಲ್ಲವೋ. ಮೊದಲ ಧಾರೆ ಕೈ ತಪ್ಪಿ ಬುಡಕ್ಕೇ ಬಿತ್ತು. ಆಮೇಲೆ ಮೇಲಕ್ಕೆ ಹೊಡೆದಳು. ಹೊಡೆದದ್ದೆಲ್ಲ ಕಾಂಡದಗುಂಟ ಮತ್ತೆ ಬುಡಕ್ಕೇ ಇಳಿಯಿತು. ಸೂಜಿ ಇರುವೆಗಳು ಟೊಂಗೆಯಿಂದ ಉದುರಿದವು. ಕೆಳಗೆ, ಅವಳು ವರ್ಷಗಟ್ಟಲೆ ಉಣಿಸಿ ಬೆಳೆಸಿದ್ದ ಕರಿ ಇರುವೆಗಳ ಸಾಲು ಇದ್ದಲ್ಲೇ ನಿಂತುಹೋಯಿತು.

ಅವಳು ಪಂಪು ಇಳಿಸಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಅಮಾವಾಸ್ಯೆಗೆ ಕೂತು ನೋಡುತ್ತಿದ್ದ ಜಾಗ ಅದೇ. ಒಳಗೆ ಬಂದು ಕೈಕಾಲು ಉಜ್ಜಿ ಉಜ್ಜಿ ತೊಳೆದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸೂಗಪ್ಪನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ರವೆ ತರಲು ಅವನು ಅಂಗಡಿಗೆ ಹೋಗಲಿಲ್ಲ, ಪಕ್ಕದ ಮನೆಯವರಿಂದ ತರಿಸಿದ. ಗದಿಗೆಮ್ಮ ತಲೆಗೆ ನೀರು ಹಾಕಿಕೊಂಡು ಸಕ್ಕರೆ ಕಲಸಿದಳು. ತಟ್ಟೆ ಹಿಡಿದು ಹಿತ್ತಲ ಬಾಗಿಲಿನವರೆಗೆ ಹೋಗಿ ಹೊಸ್ತಿಲಲ್ಲೇ ನಿಂತಳು. ಬುಡದ ಮಣ್ಣಿನಲ್ಲಿ ಒಂದು ಹುಳದ ಸುಳಿವೂ ಇರಲಿಲ್ಲ.

"ಹಾಕಿ ಬಾ," ಎಂದ ಸೂಗಪ್ಪ. "ಬ್ಯಾರೆ ಇರವಿ ಬಂದಾವು."

"ಬರ್ತಾವ. ಸಕ್ರಿ ಇಟ್ರ ಅವೂ ಬರ್ತಾವ, ನಿಮ್ಮ ಜೀವಾ ತಗೊಳ್ಳೂವು." ಅವಳು ತಟ್ಟೆಯನ್ನೇ ನೋಡುತ್ತಿದ್ದಳು. "ಇಷ್ಟ್ ವರ್ಸ ನಿಮ್ಮ ಪಾಪಕ್ಕ ನಾ ಉಣಿಸಿದೆ. ಈಗ ನನ್ನ ಪಾಪಕ್ಕ ಯಾರ್ ಉಣಸ್ತಾರ್ರೀ?"

ಸೂಗಪ್ಪ ಎದ್ದು ಬಂದ. ತಟ್ಟೆಗಾಗಿ ಬಲಗೈ ಚಾಚಿದ. "ತಾ ಇಲ್ಲಿ. ನಾ ಹಾಕಿ ಬರ್ತೀನಿ."

ಅವಳು ಕೊಡಲಿಲ್ಲ. ಅವನ ಕೈಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಅಡುಗೆ ಮನೆಗೆ ಹೋಗಿ ಆ ರವೆ ಸಕ್ಕರೆಗೆ ನೀರು ಕುದಿಸಿ ಹಾಕಿ ಸಜ್ಜಕ ಮಾಡಿದಳು. ಅದನ್ನು ತಂದು ಗಂಡನ ಮುಂದೆ ಇಟ್ಟಳು. ಸೂಗಪ್ಪ ತಲೆ ತಗ್ಗಿಸಿಕೊಂಡು ಉಂಡ.